ಹಳೇ ಸಂಚಿಕೆಯ ಹುಡುಗ

ಹಾವೇರಿ ಸೀಮೆಯಲ್ಲಿ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಅನ್ನುವಂತಿಲ್ಲ. ಅಂದರೆ ಒಳಗಿದ್ದ ಹಿರಿಯರು ಬಾಗಿಲ ತನಕ ಬಂದು, ‘ಬಿಡ್ತು ಅನ್ನು, ಬರ್ತೀನಿ ಅನ್ನು’ ಎಂದು ತಿದ್ದುತ್ತಾರೆ. ಸಂತೆಗೆ ಹೋಗುವವನೂ ‘ಬರ್ತೀನಿ’, ಮಿಲಿಟರಿಗೆ ಹೋಗುವವನೂ ‘ಬರ್ತೀನಿ’. ಮಗಳನ್ನು ಗಂಡನ ಮನೆಗೆ ಕಳಿಸುವ ತಾಯಿ ಕೂಡ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ ‘ಹೋಗಿ ಬಾ’ ಎಂದೇ ಹೇಳುವುದು. ಇನ್ನು ಬರುವುದಿಲ್ಲ ಎಂಬ ಅಗಲಿಕೆಗೆ ಈ ಕಡೆಯ ಮಾತಿನಲ್ಲಿ ಮರ್ಯಾದೆಯ ಒಂದು ಶಬ್ದವೇ ಸಿಗುವುದಿಲ್ಲ. ಇರುವುದೆಲ್ಲ ಕೈಗೆ ಸಂಬಂಧಪಟ್ಟದ್ದು. ಕೈ ಹಿಡಿದ ಅಂದರೆ ಮದುವೆಯಾದ, ಕೈ ಬಿಟ್ಟ ಅಂದರೆ ತೊರೆದ, ಕೈ ಕೊಟ್ಟ ಅಂದರೆ ಮೋಸ ಮಾಡಿದ. ಹಿಡಿಯುವುದು ಒಳ್ಳೆಯದು, ಬಿಡುವುದು ಕೆಟ್ಟದ್ದು, ಅದು ಸರಿ. ಕೊಡುವುದು ಯಾಕೆ ಎಲ್ಲಕ್ಕಿಂತ ಕೆಟ್ಟದ್ದಾಯಿತೋ ವ್ಯಾಕರಣ ಬಲ್ಲವರು ಹೇಳಬೇಕು.

ಜಪಾನಿನವರ ಮನೆಗಳಲ್ಲೂ ಹೀಗೇ ಇದೆ ಎಂದರೆ ಆಶ್ಚರ್ಯವಾದೀತು. ಬೆಳಿಗ್ಗೆ ಶಾಲೆಗೋ ಕಚೇರಿಗೋ ಹೊರಡುವವರು ಅಲ್ಲಿ ‘ಇತ್ತೆಕಿಮಾಸು’ ಎನ್ನುತ್ತಾರೆ. ಅಕ್ಷರಕ್ಕೆ ಅಕ್ಷರ ಇಟ್ಟರೆ ‘ಹೋಗಿ ಬರ್ತೀನಿ’ ಎಂದೇ ಅರ್ಥ. ಒಳಗಿನವರು ‘ಹೋಗಿ ಬಾ’ ಎಂದೇ ಉತ್ತರ ಕೊಡುತ್ತಾರೆ. ‘ಲವ್ ಇನ್ ಟೋಕಿಯೋ’ ಎಂಬ 1966ರ ಹಿಂದಿ ಸಿನಿಮಾದ ದೆಸೆಯಿಂದ ನಮ್ಮವರಿಗೆಲ್ಲ ಬಾಯಿಪಾಠವಾದ ‘ಸಯೊನಾರಾ’ ಅಲ್ಲಿನ ಮನೆಯೊಳಗೆ ಅಷ್ಟಾಗಿ ಕೇಳಿಸುವ ಮಾತಲ್ಲ. ಅದರ ಮೂಲ ಅರ್ಥ ‘ಹಾಗಿದ್ದ ಮೇಲೆ’ ಎಂದಷ್ಟೇ. ಹಾಗಿದ್ದ ಮೇಲೆ ಏನು ಎಂಬುದನ್ನು ಹೇಳದೆ ವಾಕ್ಯವನ್ನು ಅರ್ಧಕ್ಕೇ ಬಿಟ್ಟಿದ್ದಾರೆ. ಅಗಲುವವರು ಪೂರ್ತಿ ವಾಕ್ಯ ಹೇಳುವ ಸ್ಥಿತಿಯಲ್ಲಿ ಇರುವುದಿಲ್ಲ ಎಂದು ಆ ಭಾಷೆಗೆ ಮೊದಲೇ ಗೊತ್ತಿತ್ತೇನೋ.

ಉಳಿದ ಅರ್ಧ ವಾಕ್ಯವನ್ನು ಅವರು ಹಾಡುಗಳಲ್ಲಿ ತುಂಬಿದರು. ಕ್ಯೂ ಸಾಕಾಮೊಟೊ ಎಂಬ ಗಾಯಕ 1961ರಲ್ಲಿ ಹಾಡಿದ ಒಂದು ಹಾಡು 1963ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅಳು ಕಾಣಿಸಬಾರದೆಂದು ತಡೆದುಕೊಂಡು ರಾತ್ರಿ ಒಬ್ಬನೇ ನಡೆಯುವ ಗಂಡಸಿನ ಹಾಡು ಅದು. ಬರೆದವರು ಏಯಿ ರೊಕುಸುಕೆ. ಅಮೆರಿಕದೊಡನೆ ಮಾಡಿಕೊಂಡ ಭದ್ರತಾ ಒಪ್ಪಂದದ ವಿರುದ್ಧ ನಡೆದ ಚಳವಳಿ ಸೋತ ಬೇಸರದಲ್ಲಿ ಅವರು ಅದನ್ನು ಬರೆದರಂತೆ. ಕೇಳಿದವರು ಮಾತ್ರ ಯಾವಳೋ ಬಿಟ್ಟುಹೋದ ದುಃಖವೆಂದೇ ತಿಳಿದರು. ಹೊರದೇಶದವರಿಗೆ ಮೂಲ ಹೆಸರು ನಾಲಿಗೆಗೆ ಸಿಗದೆ ಹೋದದ್ದರಿಂದ ಅದಕ್ಕೆ ‘ಸುಕಿಯಾಕಿ’ ಎಂದು ಹೆಸರಿಟ್ಟರು. ಸುಕಿಯಾಕಿ ಎಂಬುದು ಮಾಂಸದ ಒಂದು ಅಡುಗೆ. ನಮ್ಮ ಯಾವುದಾದರೂ ವಿರಹಗೀತೆಯನ್ನು ಪರದೇಶದಲ್ಲಿ ‘ಎಣ್ಣೆಗಾಯಿ’ ಎಂಬ ಹೆಸರಿನಲ್ಲಿ ಮಾರಿದಂತೆ ಆಯಿತು. ಆದರೂ ಹಾಡು ನಿಂತಿತು. ಹಾಡಿದವರು ಮಾತ್ರ 1985ರ ಆಗಸ್ಟ್ 12ರ ವಿಮಾನ ದುರಂತದಲ್ಲಿ ತೀರಿಕೊಂಡರು.

ಆಮೇಲೆ ಗಿಟಾರು, ಡ್ರಮ್ಮು ಬಂದವು. ರಾಕ್ ಎಂದರೆ ಕಿರುಚಾಟವೆಂದು ತಿಳಿದವರು ಜಪಾನಿನ ತಂಡಗಳ ಒಂದು ಸ್ವಭಾವವನ್ನು ಗಮನಿಸಿರಲಿಕ್ಕಿಲ್ಲ. ಎಷ್ಟೇ ಜೋರು ಬಾರಿಸುವ ತಂಡವಾದರೂ ಅದಕ್ಕೆ ಒಂದು ಅಳುವ ಹಾಡು ಇರಲೇಬೇಕು. ‘ಎಕ್ಸ್ ಜಪಾನ್’ ತಂಡದವರು ಕೂದಲನ್ನು ಆಕಾಶಕ್ಕೆ ನಿಲ್ಲಿಸಿ, ಮುಖಕ್ಕೆ ಬಣ್ಣ ಬಳಿದುಕೊಂಡು, ಡ್ರಮ್ಮು ಒಡೆಯುವಂತೆ ಬಾರಿಸುತ್ತಿದ್ದರು. ಅವರದೇ 1989ರ ‘ಎಂಡ್‌ಲೆಸ್ ರೇನ್’ ಪಿಯಾನೋದಿಂದ ಮೆಲ್ಲಗೆ ಶುರುವಾಗುವ ಹಾಡು. 1997ರ ಡಿಸೆಂಬರ್ 31ರಂದು ಟೋಕಿಯೋ ಡೋಮಿನಲ್ಲಿ ಕೊನೆಯ ಕಛೇರಿ ಮಾಡಿ ತಂಡವೇ ಒಡೆಯಿತು. ನಾಲ್ಕು ತಿಂಗಳಲ್ಲಿ ಗಿಟಾರಿನ ಹಿದೆ ತೀರಿಕೊಂಡ. ಅಗಲಿಕೆಯ ಹಾಡು ಹಾಡುವವರು ಹಾಡಿನ ಹೊರಗೂ ಅಗಲಿದರು. ಉಳಿದವರು 2007ರಲ್ಲಿ ಮತ್ತೆ ಕೂಡಿದ್ದು ಬೇರೆ ಮಾತು.

ಈ ಸಾಲಿನಲ್ಲಿ ಇನ್ನೊಂದು ತಂಡದ ಹೆಸರಿನ ಕತೆಯಂತೂ ವಾರದ ಪುರವಣಿಯಲ್ಲಿ ಹೇಳಲೇಬೇಕಾದದ್ದು. ಗುನ್ಮಾ ಪ್ರಾಂತದ ಶಿಮಿಜು ಇಯೊರಿ ಎಂಬ ಹುಡುಗನ ಗೆಳತಿ ಅವನನ್ನು ಬಿಟ್ಟು, ಸಂಗೀತ ತಂಡವೊಂದರಲ್ಲಿದ್ದ ಇನ್ನೊಬ್ಬನ ಕಡೆಗೆ ಹೋದಳು. ಇವನೂ ಒಂದು ತಂಡ ಕಟ್ಟಿದ. ಅದು 2004. ತಂಡಕ್ಕೆ ಇಟ್ಟ ಹೆಸರು ‘ಬ್ಯಾಕ್ ನಂಬರ್’. ಪತ್ರಿಕೆಯವರ ಭಾಷೆಯಲ್ಲಿ ಬ್ಯಾಕ್ ನಂಬರ್ ಅಂದರೆ ಹಳೇ ಸಂಚಿಕೆ. ಅವಳ ಪಾಲಿಗೆ ತಾನು ಓದಿ ಮುಗಿಸಿದ ಹಳೇ ಸಂಚಿಕೆ ಎಂದು ಅವನ ಲೆಕ್ಕ. ಹಳೇ ಸಂಚಿಕೆಯ ಗತಿ ಏನೆಂಬುದು ಪುರವಣಿಯ ಓದುಗರಿಗೆ ಗೊತ್ತು. ಸೋಮವಾರಕ್ಕೆ ಡಬ್ಬಿಯ ತಳಕ್ಕೆ ಹಾಸಿಗೆ, ಮಂಗಳವಾರಕ್ಕೆ ಮಿರ್ಚಿ ಭಜಿಯ ಪೊಟ್ಟಣ. ಈ ಹೆಸರಿಟ್ಟುಕೊಂಡ ತಂಡ ಮುಂದೆ ಆ ದೇಶದ ದೊಡ್ಡ ತಂಡಗಳಲ್ಲಿ ಒಂದಾಯಿತು. ಒಬ್ಬಳು ಓದಿ ಎಸೆದದ್ದನ್ನು ಲಕ್ಷಾಂತರ ಜನ ಎತ್ತಿಕೊಂಡು ಓದಿದರು.

ಈ ಹಾಡುಗಳು ಹಿರೇಕೆರೂರು ತಾಲೂಕಿನ ಅಬಲೂರಿಗೆ ಬಂದದ್ದು ವಿಮಾನದಲ್ಲಲ್ಲ, ಬಸ್ಸಿನಲ್ಲಿ. ದಿನಾ ಹಿರೇಕೆರೂರಿನ ಕಾಲೇಜಿಗೆ ಹೋಗಿಬರುವ ಒಬ್ಬ ಹುಡುಗ, ಬಿ.ಕಾಂ. ಕೊನೆಯ ವರ್ಷ. ಅವನ ಗೆಳೆಯನೊಬ್ಬನಿಗೆ ಜಪಾನಿನ ಕಾರ್ಟೂನು ಚಿತ್ರಗಳನ್ನು ನೋಡುವ ಹುಚ್ಚು. ಚಿತ್ರದಿಂದ ಹಾಡು, ಗೆಳೆಯನ ಮೊಬೈಲಿನಿಂದ ಇವನ ಮೊಬೈಲು. ಮೊದಮೊದಲು ಅವನಿಗೆ ಅದೊಂದು ತಮಾಷೆ. ಹೋದ ವರ್ಷದ ವೈಶಾಖದಲ್ಲಿ ಅವನ ಸೋದರಮಾವ ತನ್ನ ಮಗಳ ಮದುವೆಯ ಕಾರ್ಡು ಹಿಡಿದುಕೊಂಡು ಮನೆಗೆ ಬಂದ ಮೇಲೆ ತಮಾಷೆ ಉಳಿಯಲಿಲ್ಲ.

ಮಾವನ ಮಗಳು ಎಂದರೆ ಈ ಕಡೆ ಹೆಚ್ಚು ವಿವರಿಸಬೇಕಾಗಿಲ್ಲ. ತೊಟ್ಟಿಲಲ್ಲಿದ್ದಾಗಲೇ ‘ಇಕಿ ನಮ್ಮ ಸೊಸಿ’ ಎಂದು ಆಡಿದ ಮಾತು, ಜಾತ್ರೆಯಲ್ಲಿ ಬಳೆ ಕೊಡಿಸಿದ್ದು, ಊರವರು ಚೇಷ್ಟೆ ಮಾಡಿದ್ದು, ಎಲ್ಲ ಇತ್ತು. ಬೆಂಗಳೂರಿನ ಕಂಪನಿಯಲ್ಲಿ ನೌಕರಿ ಇದ್ದ ವರ ಸಿಕ್ಕ ಮೇಲೆ ಅದೆಲ್ಲ ಹುಡುಗಾಟಿಕೆಯ ಮಾತಾಯಿತು. ಮಾವನ ಮೇಲೆ ಸಿಟ್ಟು ಮಾಡುವಂತಿಲ್ಲ, ಅವ್ವನ ಬೆನ್ನಿಗೆ ಬಿದ್ದ ಅಣ್ಣ. ಹುಡುಗನೇ ಪೆಂಡಾಲಿನಲ್ಲಿ ನಿಂತು ಅನ್ನ ಸಾರು ಬಡಿಸಿ ಬಂದ. ಬಂದವನು ಕಿವಿಗೆ ವಾಯರು ಸಿಕ್ಕಿಸಿಕೊಂಡು ಪಡಸಾಲೆಯ ಮೂಲೆ ಹಿಡಿದ. ಮನೆಯವರೆಲ್ಲ ಪರೀಕ್ಷೆಯ ಚಿಂತೆ ಅಂದುಕೊಂಡರು. ಅಂದುಕೊಳ್ಳದವಳು ಆಯಿ ಒಬ್ಬಳೇ.

‘ಏನ್ ಕೇಳತೀಯೋ ಯಪ್ಪಾ ಅದನ್ನ? ಯಾವ ಭಾಷಿ?’

‘ಜಪಾನದ್ದು ಆಯಿ.’

‘ನಿನಗ ಅರ್ಥ ಆಕ್ಕತೇನು?’

‘ಇಲ್ಲ.’

‘ಮತ್ತ ಯಾಕ ಅಳಾಕತ್ತಿ?’

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅರ್ಥ ಆಗೂ ಹಾಡು ಹಚ್ಚಿದ್ರ ಮನಿ ಮಂದಿಗೆಲ್ಲ ಗೊತ್ತಾಕ್ಕತಿ ಆಯಿ’ ಅಂದ.

ಹಳ್ಳಿಯ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅಳುವ ಕೋಣೆ ಇರುವುದಿಲ್ಲ. ಹಿಂದಿನವರಿಗೆ ಅದಕ್ಕೆ ಬೀಸುಕಲ್ಲು ಇತ್ತು. ಬೆಳಗಿನ ಜಾವ ಜೋಳ ಬೀಸುತ್ತ ಹೆಂಗಸರು ಏನು ಹಾಡಿದರೂ ಕಲ್ಲಿನ ಸಪ್ಪಳದಲ್ಲಿ ಅರ್ಧ ಮುಚ್ಚಿಹೋಗುತ್ತಿತ್ತು. ಬೆವರೋ ಕಣ್ಣೀರೋ ಕೇಳುವವರಿರಲಿಲ್ಲ. ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು ಆ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದಾಗಲೇ ಓದು ಬಲ್ಲ ಗಂಡಸರಿಗೆ ಮನೆಯೊಳಗೆ ಇಷ್ಟೊಂದು ಕಾವ್ಯ ಹಿಟ್ಟಿನ ಜೊತೆ ಉದುರುತ್ತಿತ್ತೆಂದು ತಿಳಿದದ್ದು. ಅದರಲ್ಲಿ ಪ್ರೀತಿಸಿದವನು ಬಿಟ್ಟುಹೋದ ಗೋಳು ತೀರ ಕಡಿಮೆ. ಅಗಲಿಕೆ ಎಂದರೆ ತವರು. ಗರತಿಗೆ ಒಡೆದುಹೋದ ಮೊದಲ ಸಂಬಂಧ ತಾಯಿಯದು, ಅಣ್ಣನದು, ಹಿತ್ತಲಿನದು. ಹೆಣ್ಣು ಒಪ್ಪಿಸುವ ಹಾಡು ಕೇಳಿದಾಗ ಮದುವೆಮನೆಯ ಗಂಡಸರೂ ಅಂಗವಸ್ತ್ರದಿಂದ ಕಣ್ಣು ಒರೆಸಿಕೊಳ್ಳುತ್ತಿದ್ದದ್ದು ಸುಳ್ಳಲ್ಲ. ಒರೆಸಿಕೊಂಡು ಊಟಕ್ಕೆ ಕೂಡುತ್ತಿದ್ದದ್ದೂ ಸುಳ್ಳಲ್ಲ.

ಬೀಸುಕಲ್ಲು ಹೋಯಿತು, ಗಿರಣಿ ಬಂತು. ಗಿರಣಿಯ ಮುಂದೆ ಯಾರೂ ಹಾಡುವುದಿಲ್ಲ. ಅರ್ಥವಾಗದ ಭಾಷೆಯೇ ಈ ಹುಡುಗನಿಗೆ ಬೀಸುಕಲ್ಲಿನ ಸಪ್ಪಳವಾಯಿತು.

ಬೀಸುವ ಹಾಡುಗಳು ಬಹುಮಟ್ಟಿಗೆ ತ್ರಿಪದಿಯಲ್ಲಿವೆ, ಮೂರೇ ಸಾಲು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ಕಾಲದಿಂದ, ಅಂದರೆ ಸುಮಾರು ಕ್ರಿ.ಶ. 700ರಿಂದ ಕನ್ನಡದಲ್ಲಿ ಕಾಣುವ ಛಂದಸ್ಸು ಅದು. ಅದನ್ನು ಊರೂರ ಬಾಯಿಗೆ ಹಾಕಿದವನು ಸರ್ವಜ್ಞ. ಅವನು ಅಬಲೂರಿನವನೇ. ಗೆರೆ ಎಣಿಸುವ ಲೆಕ್ಕ ಜಪಾನಿನಲ್ಲೂ ಒಂದು ಇತ್ತು. ಎದೊ ಕಾಲದಲ್ಲಿ ಹೆಂಡತಿಯನ್ನು ಬಿಡುವ ಗಂಡ ಅವಳಿಗೆ ಒಂದು ಚೀಟಿ ಬರೆದುಕೊಡಬೇಕಾಗಿತ್ತು. ಅದರ ಹೆಸರೇ ‘ಮೂರೂವರೆ ಸಾಲು’. ಇವಳಿಗೂ ನನಗೂ ಸಂಬಂಧ ಹರಿಯಿತು, ಇನ್ನೊಬ್ಬನನ್ನು ಮದುವೆಯಾಗಲು ನನ್ನ ಅಡ್ಡಿ ಇಲ್ಲ ಎಂಬಷ್ಟೇ ಒಕ್ಕಣೆ. ಬರೆಯಲು ಬಾರದವನು ಮೂರು ಉದ್ದ ಗೆರೆ, ಒಂದು ಅರ್ಧ ಗೆರೆ ಎಳೆದುಕೊಟ್ಟರೂ ನಡೆಯುತ್ತಿತ್ತು ಎನ್ನುತ್ತಾರೆ. ನಮ್ಮ ಕಡೆಯ ಸೋಡಚೀಟಿಯೂ ಅದೇ ಜಾತಿಯದು. ಪಂಚರ ಮುಂದೆ ಚೀಟಿ ಹರಿದ ಮೇಲೆ ಉಡಿಕಿ ಮಾಡಿಕೊಳ್ಳುವ ದಾರಿ ಅನೇಕ ಜಾತಿಗಳಲ್ಲಿ ತೆರೆದೇ ಇತ್ತು. ಗಂಡ ಚೀಟಿ ಕೊಡದಿದ್ದರೆ ಜಪಾನಿನ ಹೆಂಗಸಿಗೆ ಉಳಿದ ದಾರಿ ಕಾಮಾಕುರದ ತೋಕೆಯಿಜಿ ಮಠ. 1285ರಲ್ಲಿ ಒಬ್ಬ ವಿಧವೆ ಸನ್ಯಾಸಿನಿ ಕಟ್ಟಿಸಿದ್ದು. ಓಡಿಬಂದು ಅದರ ಬಾಗಿಲು ದಾಟಿದ ಹೆಣ್ಣು ಒಳಗೆ ಸುಮಾರು ಎರಡು ವರ್ಷ ಸೇವೆ ಮಾಡಿಕೊಂಡಿದ್ದರೆ ಮದುವೆಯ ಕಟ್ಟು ಬಿಚ್ಚುತ್ತಿತ್ತು. ಹಿಂದೆ ಅಟ್ಟಿಸಿಕೊಂಡು ಬಂದ ಗಂಡ ಹೊರಗೇ ನಿಲ್ಲಬೇಕು.

ಮಠದ ಮಾತು ಬಂದಾಗ ಅಬಲೂರಿನ ಸುತ್ತಿನ ಸೀಮೆಯನ್ನೂ ಸ್ವಲ್ಪ ನೋಡಬೇಕು. ಇಲ್ಲಿಂದ ತೆಂಕಣಕ್ಕೆ ಶಿಕಾರಿಪುರ ತಾಲೂಕಿನ ಉಡುತಡಿ, ಅಕ್ಕಮಹಾದೇವಿಯ ಊರು. ಕೌಶಿಕನನ್ನು ಅವಳು ಮದುವೆಯಾಗಿದ್ದಳೆಂದು ಹರಿಹರ ಹೇಳುತ್ತಾನೆ, ಇಲ್ಲವೆಂದು ಚಾಮರಸ. ಆಗಿದ್ದರೂ ಇಲ್ಲದಿದ್ದರೂ ಅರಮನೆಯ ಬಾಗಿಲು ದಾಟಿ ಹೊರಗೆ ನಡೆದವಳು ಅವಳು, ಹಿಂದೆ ಉಳಿದವನು ಅವನು. ಉಳಿದವನು ಒಂದಾದರೂ ಹಾಡು ಕಟ್ಟಿದ ಸುದ್ದಿಯಿಲ್ಲ. ಬಿಟ್ಟುಹೋದವಳೇ ವಿರಹದ ಹಾಡನ್ನೂ ತೆಗೆದುಕೊಂಡು ಹೋದಳು, ಅದನ್ನು ಚೆನ್ನಮಲ್ಲಿಕಾರ್ಜುನನಿಗೆ ಒಪ್ಪಿಸಿದಳು. ಬಡಗಣಕ್ಕೆ ಹೋದರೆ ಶಿಗ್ಗಾವಿ ಸೀಮೆಯ ಶಿಶುನಾಳ. 1819ರಲ್ಲಿ ಹುಟ್ಟಿದ ಷರೀಫ ಸಾಹೇಬರ ಹೆಂಡತಿ ಫಾತಿಮಾ ತೀರಿಕೊಂಡರು, ಮಗುವೂ ಉಳಿಯಲಿಲ್ಲ. ಹೆಂಡತಿ ತೀರಿದ ಮೇಲೆ ಮಾವನ ಮನೆಯ ಹಂಗು ಇನ್ನು ಯಾಕೆ ಎಂದು ಕೇಳುವ ಅವರ ಪದವನ್ನು ಭಜನಾ ಮೇಳದವರು ತತ್ವವೆಂದು ಹಾಡುತ್ತಾರೆ. ತತ್ವ ಹೌದು. ಹೆಂಡತಿಯನ್ನು ಕಳೆದುಕೊಂಡವರು ಕೇಳಿದಾಗ ಅದು ಬರೀ ತತ್ವವಾಗಿ ಕೇಳಿಸುವುದಿಲ್ಲ, ಅಷ್ಟೆ. ಟಿ.ಎಸ್. ನಾಗಾಭರಣರ 1990ರ ‘ಸಂತ ಶಿಶುನಾಳ ಷರೀಫ’ ಸಿನಿಮಾ, ಸಿ. ಅಶ್ವತ್ಥರ ದನಿ, ಕ್ಯಾಸೆಟ್ಟುಗಳ ದೆಸೆಯಿಂದ ಷರೀಫರ ಪದಗಳು ಚಹಾದಂಗಡಿಗಳಿಗೂ ಬಂದವು. ಮುಂದೆ ಬೆಂಗಳೂರಿನ ರಘು ದೀಕ್ಷಿತರು ಅವನ್ನೇ ಗಿಟಾರು ಡ್ರಮ್ಮುಗಳ ಮೇಲೆ ಏರಿಸಿದರು. ಕನ್ನಡಕ್ಕೆ ರಾಕ್ ಬೇಕಾದಾಗ ಅದು ಕೈ ಚಾಚಿದ್ದು ಹಾವೇರಿ ಜಿಲ್ಲೆಯ ಒಂದು ಹಳ್ಳಿಗೆ.

ಇನ್ನು ಅಬಲೂರು. ಪ್ರವಾಸಿಗಳು ಇಲ್ಲಿಗೆ ಬರುವುದು ಸೋಮೇಶ್ವರ ಗುಡಿಗೆ, ಏಕಾಂತದ ರಾಮಯ್ಯ ತಲೆ ಕತ್ತರಿಸಿಕೊಂಡು ಮರಳಿ ಪಡೆದ ಕತೆಯ ಶಾಸನ ನೋಡಲಿಕ್ಕೆ. ಶಾಲೆಯ ಮಕ್ಕಳು ಬರುವುದು ಸರ್ವಜ್ಞನ ಊರೆಂದು. ಕ್ರಿಶ್ಚಿಯನ್ ಪಾದ್ರಿಗಳಾಗಿದ್ದ ಉತ್ತಂಗಿ ಚನ್ನಪ್ಪನವರು ಊರೂರು ಅಲೆದು, ಓಲೆ ಪ್ರತಿ ನೋಡಿ, ಬಾಯಿಂದ ಬರೆದುಕೊಂಡು 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಅವನ ಹುಟ್ಟಿನ ಕತೆ ಹೇಳುವ ಕೆಲವು ಪದ್ಯಗಳಿವೆ. ಮಾಸೂರಿನ ಬಸವರಸನೆಂಬ ಬ್ರಾಹ್ಮಣ ಕಾಶಿಯಾತ್ರೆ ಮಾಡಿ ಬರುವ ದಾರಿಯಲ್ಲಿ ಅಂಬಲೂರಿನ ಕುಂಬಾರರ ಮನೆಯಲ್ಲಿ ತಂಗಿದ. ಆ ಮನೆಯಲ್ಲಿದ್ದ ಮಾಳಿ ಅವನಿಂದ ಹೆತ್ತ ಮಗನೇ ಸರ್ವಜ್ಞ. ಬಸವರಸನಿಗೆ ಮಾಸೂರಿನಲ್ಲಿ ಮಲ್ಲಮ್ಮನೆಂಬ ಹೆಂಡತಿ ಮೊದಲೇ ಇದ್ದಳು. ಈ ಪದ್ಯಗಳು ಸರ್ವಜ್ಞನವೇ, ಆಮೇಲಿನವರು ಸೇರಿಸಿದವೇ ಎಂದು ವಿದ್ವಾಂಸರು ಇಂದಿಗೂ ಜಗಳಾಡುತ್ತಾರೆ. ಆಡಲಿ. ಕತೆಯನ್ನು ನಂಬಿದವರೂ ನಂಬದವರೂ ಕೇಳದ ಪ್ರಶ್ನೆ ಒಂದಿದೆ. ಅತಿಥಿ ಮಾಸೂರಿನ ದಾರಿ ಹಿಡಿದ ಮರುದಿನ ಮಾಳಿ ಏನಂದಳು? ಬರ್ತೀನಿ ಅಂತ ಹೇಳಿಹೋದನೋ, ಹಾಗೆಯೇ ಎದ್ದು ಹೋದನೋ? ಮಗ ಸಾಲದ ಬಗ್ಗೆ ಹೇಳಿದ, ಜಾತಿಯ ಬಗ್ಗೆ ಹೇಳಿದ, ಹೆಂಡತಿ ಹೇಗಿರಬೇಕೆಂದು ಹೇಳಿದ, ಬೆಲ್ಲ ತುಪ್ಪದ ಊಟದ ಬಗ್ಗೆ ಹೇಳಿದ. ತಾಯಿ ತಿಗರಿ ತಿರುಗಿಸುತ್ತ ಏನಾದರೂ ಗುನುಗುತ್ತಿದ್ದಳೇ ಎಂಬುದನ್ನು ಮಾತ್ರ ಹೇಳಿಲ್ಲ. ಕನ್ನಡದ ದೊಡ್ಡ ಅಗಲಿಕೆಯ ಹಾಡುಗಳಲ್ಲಿ ಒಂದು ಈ ಊರಿನಲ್ಲೇ ಹುಟ್ಟಬೇಕಾಗಿತ್ತು. ಹುಟ್ಟಿದ್ದರೂ ಬರೆದುಕೊಂಡವರಿಲ್ಲ.

ಈಗಿನ ಅಬಲೂರಿನ ಸೀಮೆಯಲ್ಲಿ ಹಾಡಿಗೆ ಏನೂ ಬರಗಾಲವಿಲ್ಲ. ಗೋವಿನಜೋಳದ ಸುಗ್ಗಿಯಲ್ಲಿ ಟ್ರ್ಯಾಕ್ಟರು ಬರುವುದಕ್ಕೆ ಮೊದಲು ಅದರ ಹಾಡು ಬರುತ್ತದೆ. ಗಾಲಿಯ ಮಡಗಾರ್ಡಿನ ಮೇಲೆ ಕಟ್ಟಿದ ಸ್ಪೀಕರುಗಳು ಎದೆ ನಡುಗಿಸುವಂಥವು. ಯೂಟ್ಯೂಬಿನಲ್ಲಿ ಇವಕ್ಕೆಲ್ಲ ‘ಉತ್ತರ ಕರ್ನಾಟಕ ಜಾನಪದ’ ಎಂದು ಹೆಸರು, ಕೆಳಗೆ ‘ಲವ್ ಫೇಲ್ಯೂರ್’ ಎಂದು ಷರಾ. ಕರ್ತೃ ಯಾರೆಂದು ತಿಳಿಯದ್ದೇ ಜಾನಪದ ಎಂದು ಪಾಠ ಹೇಳಿದ ಮಾಸ್ತರರಿಗೆ ಇಲ್ಲಿ ಪೇಚು. ಬರೆದವರ ಹೆಸರು, ಹಾಡಿದವರ ಹೆಸರು, ಅವರ ಊರು, ರೆಕಾರ್ಡು ಮಾಡಿದ ಸ್ಟುಡಿಯೋ, ಎಲ್ಲ ಹಾಡಿನ ಒಳಗೇ ಬರುತ್ತವೆ. ವಚನಕ್ಕೆ ಅಂಕಿತ ಇದ್ದಂತೆ, ಲಾವಣಿಯ ಕೊನೆಯ ನುಡಿಯಲ್ಲಿ ಕವಿಯ ಊರು ಬಂದಂತೆ. ಅದನ್ನು ಕೀಳೆಂದು ಮೂಗು ಮುರಿಯುವವರು ಒಂದು ಸಾರಿ ಕೂತು ಕೇಳುವುದು ಒಳ್ಳೆಯದು. ರಾಗ ಸಲೀಸು, ಮಾತು ನೆಲದ್ದು, ಸಂಕಟ ಖರೆ.

ಸಂಕಟ ಖರೆ ಯಾಕೆಂದರೆ ಅದರ ಹಿಂದೆ ಹೊಲದ ಲೆಕ್ಕ ಇದೆ. ಒಕ್ಕಲುತನದ ಹುಡುಗನಿಗೆ ಹೆಣ್ಣು ಸಿಗುವುದು ಕಷ್ಟವಾಗಿದೆ. ಹೊಲ ಎಷ್ಟಿದೆ ಎಂದು ಕೇಳುತ್ತಿದ್ದ ಬೀಗರು ಈಗ ನೌಕರಿ ಏನು ಎಂದು ಕೇಳುತ್ತಾರೆ. ಮಂಡ್ಯದ ಕಡೆಯ ಮದುವೆಯಾಗದ ರೈತರ ಮಕ್ಕಳು 2023ರ ಫೆಬ್ರವರಿಯಲ್ಲಿ ಹೆಣ್ಣು ಕೊಡಿಸೆಂದು ಮಲೆಮಹದೇಶ್ವರನ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಪತ್ರಿಕೆಗಳು ಅದನ್ನು ಮೊದಲ ದಿನ ತಮಾಷೆಯಾಗಿ ಬರೆದವು, ಎರಡನೆಯ ದಿನ ತಮಾಷೆ ಬಿಟ್ಟವು. ಹಾಡು ಹೇರಳವಾಗಿರುವ ಜಪಾನಿನಲ್ಲೂ ಹೀಗೇ. 2020ರ ಜನಗಣತಿಯ ಪ್ರಕಾರ ಐವತ್ತು ವಯಸ್ಸಿಗೆ ಬಂದ ಗಂಡಸರಲ್ಲಿ ನೂರಕ್ಕೆ 28 ಮಂದಿ ಒಮ್ಮೆಯೂ ಮದುವೆಯಾದವರಲ್ಲ, ಹೆಂಗಸರಲ್ಲಿ ನೂರಕ್ಕೆ 18. ಅಲ್ಲಿಯ ಕಾರಣ ಬೇರೆ, ಇಲ್ಲಿಯದು ಬೇರೆ. ರಾತ್ರಿ ಹನ್ನೊಂದಕ್ಕೆ ಹಾಡು ಕೇಳುತ್ತ ಮಲಗಿದವನಿಗೆ ಕಾರಣದಲ್ಲಿ ಏನಿದೆ?

ಆದರೆ ಟ್ರ್ಯಾಕ್ಟರಿನ ಹಾಡಿನಲ್ಲಿ ಒಂದು ಕೊಂಕು ಇದೆ. ಹತ್ತರಲ್ಲಿ ಒಂಬತ್ತರಲ್ಲಿ ಆರೋಪಿ ಹುಡುಗಿಯೇ. ದುಡ್ಡಿಗೆ ಮರುಳಾದಳು, ಪಟ್ಟಣಕ್ಕೆ ಮರುಳಾದಳು, ಮಾತು ಮರೆತಳು. ವರನನ್ನು ಹುಡುಕಿದ್ದು ಅಪ್ಪ, ಒಪ್ಪಿದ್ದು ಅಣ್ಣಂದಿರು, ಮುಹೂರ್ತ ಇಟ್ಟದ್ದು ಅಯ್ಯನವರು. ಹಾಡಿನಲ್ಲಿ ಇವರಿಗೆಲ್ಲ ಕ್ಷಮೆ, ಬೈಗುಳ ಅವಳೊಬ್ಬಳಿಗೆ. ಅದೂ ಊರ ನಡುವಿನ ರಸ್ತೆಯಲ್ಲಿ, ಅವಳ ತವರಿನ ಕಟ್ಟೆಯ ಮುಂದೆ, ಪೂರ್ತಿ ದನಿಯಲ್ಲಿ.

ಹಿಂದೆ ಹೀಗೆ ಏಕಪಕ್ಷೀಯವಾಗಿ ನಡೆಯುತ್ತಿರಲಿಲ್ಲ. ಗೀಗೀ ಮೇಳಗಳಲ್ಲಿ ಹರದೇಶಿ, ನಾಗೇಶಿ ಎಂದು ಎರಡು ಪಂಗಡ. ಹರದೇಶಿಯವರು ಗಂಡು ಹೆಚ್ಚೆಂದು ಹಾಡಬೇಕು, ನಾಗೇಶಿಯವರು ಹೆಣ್ಣು ಹೆಚ್ಚೆಂದು. ತುಂತುಣಿ, ದಪ್ಪು ಹಿಡಿದು ರಾತ್ರಿಯಿಡೀ ಸವಾಲು ಜವಾಬು. ಹರದೇಶಿಯವರು ಹೆಣ್ಣಿನ ಮೇಲೆ ಒಂದು ತಪ್ಪು ಹೊರಿಸಿ ಕೂತರೆ ನಾಗೇಶಿಯವರು ಎದ್ದು ಪುರಾಣದಿಂದ, ಮನೆಯಿಂದ, ಹೊಲದಿಂದ ಹತ್ತು ದೃಷ್ಟಾಂತ ತಂದು ಅದನ್ನು ಬಿಚ್ಚಿಹಾಕುತ್ತಿದ್ದರು. ಜವಾಬು ಬರದೆ ಬೆಳಗಾಗುವಂತಿರಲಿಲ್ಲ. ಕೂತ ಜನವೂ ಒಂದು ಕಡೆಯ ಹಾಡು ಕೇಳಿ ಎದ್ದುಹೋಗುವವರಲ್ಲ. ಟ್ರ್ಯಾಕ್ಟರಿನಲ್ಲಿ ಹರದೇಶಿ ಒಬ್ಬನೇ ಕೂತಿದ್ದಾನೆ. ಹಾಡು ಮುಗಿದ ಕೂಡಲೇ ಅವನದೇ ಇನ್ನೊಂದು ಹಾಡು.

ಅಬಲೂರಿನ ಆ ಆಯಿ ಹರದೇಶಿ ನಾಗೇಶಿ ಕೇಳಿ ಬೆಳೆದವಳು. ಮೊಮ್ಮಗನ ಕತೆಯನ್ನೆಲ್ಲ ಕೇಳಿಸಿಕೊಂಡು, ಎಲೆ ಅಡಿಕೆಯ ಚೀಲ ಬಿಚ್ಚುತ್ತ, ಕೇಳಿದ್ದು ಒಂದೇ ಮಾತು.

‘ಅದು ಖರೆ. ಆಕಿ ಏನಂದ್ಲು?’

‘ಯಾರು?’

‘ಯಾರಂದ್ರ? ನಿನ್ನ ಮಾವನ ಮಗಳು. ಆಕಿ ಏನಂದ್ಲು ನಿನಗ?’

‘ಆಕಿನ್ನ ಏನ್ ಕೇಳೋದು ಆಯಿ. ಮದುವಿ ಠರಾವಾಗಿತ್ತು.’

‘ಠರಾವಾಗಿದ್ದು ಗೊತ್ತೈತಿ. ಬಾಯಿ ತೆರದು ನೀ ಆಕಿನ್ನ ಕೇಳಿದ್ಯಾ?’

ಕೇಳಿರಲಿಲ್ಲ. ಹುಟ್ಟಿದಾಗಿನಿಂದ ತನ್ನವಳೆಂದು ಊರೆಲ್ಲ ಹೇಳಿದ್ದರಿಂದ ಅವಳನ್ನು ಬೇರೆ ಕೇಳಬೇಕೆಂದು ಅವನಿಗೆ ಹೊಳೆದಿರಲೇ ಇಲ್ಲ. ಬಳೆ ಕೊಡಿಸಿದಾಗ ನಕ್ಕಿದ್ದಳು. ಒಂದು ಸಾರಿ ಪಿ.ಯು.ಸಿ. ಆದ ಮೇಲೆ ನರ್ಸಿಂಗ್ ಓದಬೇಕೆಂದು ಅಂದಿದ್ದಳು. ಅದಕ್ಕೆ ಇವನು ‘ನಮ್ಮ ಮನಿಗೆ ಬಂದಮ್ಯಾಲೆ ಅದೆಲ್ಲ ಯಾಕ’ ಅಂದಿದ್ದ. ಅವಳು ಮತ್ತೆ ಆ ಮಾತು ತೆಗೆಯಲಿಲ್ಲ. ಬೆಂಗಳೂರಿನ ವರ ಓದಿಸುತ್ತೇನೆಂದು ಒಪ್ಪಿಕೊಂಡಿದ್ದಾನೆಂದು ಮದುವೆಯ ಪೆಂಡಾಲಿನಲ್ಲಿ ಯಾರೋ ಆಡಿಕೊಂಡದ್ದು, ಸಾರು ಬಡಿಸುತ್ತಿದ್ದ ಇವನ ಕಿವಿಗೂ ಬಿದ್ದಿತ್ತು.

‘ಬ್ಯಾಕ್ ನಂಬರ್’ ತಂಡದ್ದು ‘ಹ್ಯಾಪಿ ಎಂಡ್’ ಎಂದೊಂದು ಹಾಡಿದೆ, 2016ರದು, ಒಂದು ಪ್ರೇಮಕತೆಯ ಸಿನಿಮಾಕ್ಕೆ ಮಾಡಿದ್ದು. ಹೆಸರು ಹಾಗಿದ್ದರೂ ಅಳಿಸುವ ಹಾಡು. ಹುಡುಗ ದಿನಾ ಬಸ್ಸಿನಲ್ಲಿ ಕೇಳುತ್ತಿದ್ದದ್ದು ಮುಖ್ಯವಾಗಿ ಇದನ್ನೇ. ಹಾಡುವವನು ಗಂಡಸು, ದನಿ ಒಡೆಯುವಂತೆ ಹಾಡುತ್ತಾನೆ. ಆದ್ದರಿಂದ ಕೈಬಿಟ್ಟುಹೋದ ಹುಡುಗಿಯ ಮೇಲಿನ ದೂರೆಂದು ಹುಡುಗ ತಿಳಿದಿದ್ದ. ತನ್ನದೇ ದೂರನ್ನು ಜಪಾನಿನವನೊಬ್ಬ ಇಷ್ಟು ಚಂದ ಹೇಳಿದ್ದಾನೆಂದು ಅವನಿಗೆ ಒಳಗೊಳಗೇ ಸಮಾಧಾನ. ಆಯಿ ಕೇಳಿದ ಮರುವಾರ, ಹಿರೇಕೆರೂರಿನ ಬಸ್ ಸ್ಟ್ಯಾಂಡಿನಲ್ಲಿ ಕೂತಾಗ, ಮೊದಲ ಸಾರಿ ಅದರ ಇಂಗ್ಲಿಷ್ ಅನುವಾದ ಹುಡುಕಿ ಓದಿದ. ಹಾಡಿನಲ್ಲಿ ಮಾತಾಡುತ್ತಿದ್ದವಳು ಹೆಣ್ಣು. ಬಿಟ್ಟುಹೋಗುತ್ತಿರುವವನ ಎದುರಿಗೆ ನಿಂತು, ಒಳಗಿನ ಸಂಕಟ ಅವನಿಗೆ ಗೊತ್ತಾಗದಂತೆ ನೋಡಿಕೊಳ್ಳುತ್ತಿರುವ ಹೆಣ್ಣು. ಗೆಳತಿ ಬಿಟ್ಟುಹೋದಳೆಂದು ತಂಡ ಕಟ್ಟಿ, ಹಳೇ ಸಂಚಿಕೆಯೆಂದು ಹೆಸರಿಟ್ಟುಕೊಂಡವನು, ಹನ್ನೆರಡು ವರ್ಷದ ಮೇಲೆ ನಾಗೇಶಿಯವರ ಕಡೆ ಹೋಗಿ ನಿಂತು ಹಾಡಿದ್ದ.

ಅಬಲೂರಿನ ಬಸ್ಸು ಬಂತು. ಹುಡುಗ ಹತ್ತಲಿಲ್ಲ. ಮುಂದಿನ ಬಸ್ಸಿಗೆ ಮುಕ್ಕಾಲು ತಾಸು ಇತ್ತು. ಅಷ್ಟರಲ್ಲಿ ಹಾಡನ್ನು ಮೊದಲಿನಿಂದ ಇನ್ನೊಮ್ಮೆ, ಕೆಳಗಿನ ಅರ್ಥ ಓದಿಕೊಳ್ಳುತ್ತ ಕೇಳಿದ.